ಗೋವಿಂದಯ್ಯನ ಮನೆಗೆ ನಾಲ್ಕು ಕಾಲು

ನನ್ನ ವೆಲ್ಡಿಂಗ್ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಬೇರೆ ಯಾರಿಗೂ ಇರಲಿಲ್ಲವಾದ್ದರಿಂದ ಹೊಗಳುವ ಕೆಲಸವನ್ನೂ ನಾನೇ ವಹಿಸಿಕೊಂಡಿದ್ದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಗುತ್ತಿಗೆ ವೆಲ್ಡರ್. ಮೂರು ವರ್ಷದಿಂದ ಟೆಂಪರರಿ. ನನ್ನ ಬಾಳಿನಲ್ಲಿ ಪರ್ಮನೆಂಟ್ ಆಗಿದ್ದದ್ದು ಅದೊಂದೇ. ಐಟಿಐ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಬಾಬಾಸಾಹೇಬರ ಫೋಟೊ ಪಕ್ಕದಲ್ಲೇ ನೇತುಹಾಕಿದ್ದೆ. ಅಪ್ಪ ಒಂದು ದಿನ ಮೊಳೆ ಕಿತ್ತು ಅದನ್ನು ಒಂದು ಗೇಣು ಕೆಳಗಿಳಿಸಿದರು. "ಅವ್ರ್ ಸಮಕ್ಕೆ ನಿಂತ್ಕಬ್ಯಾಡ ಕಣ್ಲಾ ಮಾದು, ಕತ್ತು ನೋವು ಬತ್ತದೆ" ಎಂದರು.

ಇಂಥ ನನ್ನನ್ನು ೨೦೦೬ರ ಮಳೆಗಾಲದಲ್ಲಿ ಗೋವಿಂದಯ್ಯ ಮಾವ ತಿ.ನರಸೀಪುರಕ್ಕೆ ಕರೆಸಿಕೊಂಡರು. ನನ್ನ ಸೋದರತ್ತೆ ಮಂಚಮ್ಮನ ಗಂಡ ಅವರು. ಬಸ್ ಡಿಪೋದಲ್ಲಿ ಮೂವತ್ತಾರು ವರ್ಷ ದುಡಿದು, ಎರಡು ವರ್ಷದ ಹಿಂದೆ ನಿವೃತ್ತರಾಗಿದ್ದರು. ಮುಡುಕುತೊರೆ ಬೆಟ್ಟ ಕಾಣುವ ಒಂದು ಹಳ್ಳಿಯಲ್ಲಿ ಹುಟ್ಟಿ, ಇಪ್ಪತ್ತೆರಡನೇ ವಯಸ್ಸಿಗೆ ಬಸ್ಸು ತೊಳೆಯುವ ಕೆಲಸಕ್ಕೆ ಸೇರಿದವರು. ತೊಳೆಯುವ ನೆಪದಲ್ಲಿ ಬಸ್ಸಿನ ಕೆಳಗೆ ತೂರಿ, ಅಲ್ಲಿ ಏನೇನಿದೆ ಎಂದು ಬಾಯಿಪಾಠ ಮಾಡಿಕೊಂಡರಂತೆ. ಹತ್ತು ವರ್ಷದಲ್ಲಿ ಮೆಕ್ಯಾನಿಕ್ ಆದರು. ಅವರಿಗೆ ಬಸ್ಸು ಕಣ್ಣಿಗಿಂತ ಮೊದಲು ಕಿವಿಗೆ ಕಾಣುತ್ತಿತ್ತು. ಟೀ ಅಂಗಡಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಕೂತು, "ಈ ಗಾಡಿ ತಲಕಾಡು ಮುಟ್ಟಾಕಿಲ್ಲ" ಎನ್ನುತ್ತಿದ್ದರು. ಅರ್ಧ ಗಂಟೆಗೆ ಅದರ ಪ್ರಯಾಣಿಕರು ನಡೆದುಕೊಂಡು ವಾಪಸ್ ಬರುತ್ತಿದ್ದರು.

ಸಾವಿರಾರು ಬಸ್ಸುಗಳನ್ನು ಊರೂರಿಗೆ ಕಳಿಸಿದ ಈ ಮನುಷ್ಯ ಹೆಂಡತಿಯನ್ನು ಮಾತ್ರ ಒಂದು ಜಾಗಕ್ಕೆ ಕರೆದೊಯ್ಯಲು ಆಗಿರಲಿಲ್ಲ. ಮಂಚಮ್ಮತ್ತೆಗೆ ನಾಗಪುರದ ದೀಕ್ಷಾಭೂಮಿ ನೋಡಬೇಕಿತ್ತು, ಅದೂ ವಿಜಯದಶಮಿಯ ದಿನವೇ, ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬೌದ್ಧರಾದ ದಿನ. ಆದರೆ ವಿಜಯದಶಮಿ ಎಂದರೆ ಮೈಸೂರಿನಲ್ಲಿ ದಸರಾ. ದಸರಾ ಎಂದರೆ ವಿಶೇಷ ಬಸ್ಸುಗಳು. ವಿಶೇಷ ಬಸ್ಸುಗಳೆಂದರೆ ಡಿಪೋದಲ್ಲಿ ಯಾರಿಗೂ ರಜೆಯಿಲ್ಲ. ಹೀಗೆ ಮೂವತ್ತಾರು ದಸರಾ ಕಳೆದವು. ನಿವೃತ್ತಿಯಾಗುವ ಹೊತ್ತಿಗೆ ಅತ್ತೆಯ ಬೆನ್ನುಮೂಳೆ ಸವೆದಿತ್ತು. ಮಲಗಿಕೊಂಡರೆ ಎಷ್ಟು ದೂರ ಬೇಕಾದರೂ ಸರಿ, ಅರ್ಧ ಗಂಟೆಗಿಂತ ಹೆಚ್ಚು ಕೂರುವಂತಿರಲಿಲ್ಲ, ನಿಲ್ಲುವಂತೆಯೂ ಇರಲಿಲ್ಲ. ವಿಜಯದಶಮಿ ಹೊತ್ತಿನ ನಾಗಪುರದ ರೈಲಿನಲ್ಲಿ ಮಲಗುವುದಿರಲಿ, ಎರಡು ಕಾಲನ್ನೂ ಒಟ್ಟಿಗೆ ನೆಲಕ್ಕೆ ಊರಲು ಜಾಗ ಸಿಕ್ಕುವುದಿಲ್ಲ ಎಂದು ಹೋಗಿ ಬಂದವರು ಹೇಳಿದ್ದರು. ಆ ವರ್ಷ ಬೇರೆ ದೀಕ್ಷೆಯ ಐವತ್ತನೇ ವರ್ಷ.

"ಇನ್ನೊಂದ್ ವರ್ಷ ಕಾದ್ರೆ ಅವ್ಳ ಬೆನ್ನು ಕಾಯಕ್ಕಿಲ್ಲ" ಎಂದರು ಮಾವ. "ಅದ್ಕೆ ಮನೇನೇ ತಕ್ಕೊಂಡೋಗವ ಅಂತಿವ್ನಿ."

ಹಿತ್ತಲಲ್ಲಿ ತೋರಿಸಿದರು. ಎಂಟು ತಿಂಗಳಿಂದ ಒಬ್ಬರೇ ಕಟ್ಟುತ್ತಿದ್ದ ಒಂದು ಪುಟ್ಟ ಮನೆ. ತೆಳು ಚೌಕ ಪೈಪಿನ ಚೌಕಟ್ಟು, ಗುಜರಿ ಬಸ್ಸಿನ ಅಲ್ಯೂಮಿನಿಯಂ ತಗಡಿನ ಗೋಡೆ, ಬಸ್ಸಿನದೇ ಕಿಟಕಿಗಳು. ಒಂದು ಕಿಟಕಿಯ ಮೇಲೆ 'ಮಹಿಳೆಯರಿಗೆ' ಎಂದು ಹಾಗೇ ಉಳಿದಿತ್ತು. ಒಳಗೆ ಮಲಗಲು ಹಲಗೆಯ ಮಂಚ, ಒಂದು ಸ್ಟವ್ ಇಡುವಷ್ಟು ಕಟ್ಟೆ, ಮೂಲೆಯಲ್ಲಿ ಪರದೆಯ ಹಿಂದೆ ಕಮೋಡು ಕುರ್ಚಿ. ಇದನ್ನು ಒಂದು ಟೆಂಪೊದ ಬೆನ್ನ ಮೇಲೆ ಕೂರಿಸಿ ನಾಗಪುರಕ್ಕೆ ಹೋಗುವುದು. ಟೆಂಪೊ ಚಿಕ್ಕಯ್ಯನಛತ್ರದ ಬಾಳೆಹಣ್ಣಿನ ವ್ಯಾಪಾರಿ ಬೆಟ್ಟಸ್ವಾಮಿಯವರದು. ಅದರ ಇಂಜಿನ್ನನ್ನು ಮಾವ ಎರಡು ಸಲ ಸಾವಿನಿಂದ ಎಬ್ಬಿಸಿದ್ದ ಋಣಕ್ಕೆ ಹತ್ತು ದಿನಕ್ಕೆ ಕೊಡಲು ಒಪ್ಪಿದ್ದರು. ಹೊರಡುವ ಹಿಂದಿನ ದಿನದವರೆಗೂ ಅದು ಬಾಳೆಗೊನೆ ಹೊರಬೇಕು. ನಾಗಪುರ ಮುಟ್ಟಿದ ಮೇಲೂ ಬೆಟ್ಟಸ್ವಾಮಿಗೆ ಅದು ಖಾಲಿ ಬೇಕು. ಅಲ್ಲಿಯ ಕಿತ್ತಳೆ ವ್ಯಾಪಾರ ಹೇಗಿದೆ ನೋಡಿಬರುವ ಉಪಾಯ ಅವರದು.

ಆದ್ದರಿಂದ ಮನೆಗೆ ನಾಲ್ಕು ಕಾಲು ಬೇಕಿತ್ತು. ಮೂಲೆಗೊಂದರಂತೆ ನಾಲ್ಕು ಜಾಕು. ಹಿಡಿ ತಿರುಗಿಸಿದರೆ ಮನೆ ಮೇಲೇಳಬೇಕು, ಟೆಂಪೊ ಹಿಂದಕ್ಕೆ ಬಂದು ಕೆಳಗೆ ತೂರಬೇಕು, ಮತ್ತೆ ತಿರುಗಿಸಿದರೆ ಮನೆ ಅದರ ಮೇಲೆ ಕೂರಬೇಕು. ಯಾವುದೋ ಹಳೆಯ ತೂಬಿನ ಗೇಟುಗಳ ತಿರುಪು ಸಲಾಕೆಗಳನ್ನು ಗುಜರಿಯಿಂದ ತಂದು, ಪೈಪಿನೊಳಗೆ ಪೈಪು ಕೂರಿಸಿ ಮಾವ ಜಾಕುಗಳನ್ನು ಮಾಡಿಟ್ಟಿದ್ದರು. ಅವನ್ನು ಮನೆಯ ಮೂಲೆಗಳಿಗೆ ಹಿಡಿಸುವ ಕೆಲಸ ನನ್ನದು.

"ದಪ್ಪ ಪ್ಲೇಟ್ ಇಟ್ಟು ವೆಲ್ಡ್ ಹೊಡೆದ್ರೆ ಮುಗೀತು ಮಾವ, ಎರಡು ಗಂಟೆ ಕೆಲಸ" ಎಂದೆ.

"ಒಳಗ್ಲಿಂದ ಏನಾರ ಒತ್ತು ಕೊಡಬೇಕೇನ್ಲಾ?"

"ನಮ್ಮ ಫ್ಯಾಕ್ಟ್ರೀಲಿ ಇಂಥವು ದಿನಕ್ಕೆ ನಲವತ್ತು ಮಾಡ್ತೀನಿ."

ನಾನು ಫ್ಯಾಕ್ಟ್ರಿಯಲ್ಲಿ ಮಾಡುತ್ತಿದ್ದದ್ದು ಟ್ರೇಗಳು. ಅವುಗಳ ಮೇಲೆ ಬರುತ್ತಿದ್ದ ಅತಿ ದೊಡ್ಡ ಭಾರ ಬಿಸ್ಕತ್ತು. ಅದನ್ನು ಹೇಳಲು ಮರೆತೆ. ಮಾವ ಕೈಗೆಲಸದವರ ಮಾತನ್ನು ನಂಬುವವರು, ನಂಬಿದರು. ಸಂಜೆಗೆ ನಾಲ್ಕು ಮೂಲೆಗೂ ನಾಲ್ಕು ದಪ್ಪ ಪ್ಲೇಟು ಹತ್ತಿದವು. ವೆಲ್ಡಿಂಗ್ ಎಷ್ಟು ಚೆನ್ನಾಗಿತ್ತೆಂದರೆ, ಬಣ್ಣ ಹೊಡೆಯಲು ನನಗೆ ಮನಸ್ಸೇ ಬರಲಿಲ್ಲ.

ಸೆಪ್ಟೆಂಬರ್ ಹದಿನೇಳು, ಭಾನುವಾರ, ಮನೆ ಎತ್ತುವ ದಿನ. ನಾಲ್ಕು ಹಿಡಿಗೆ ನಾಲ್ಕು ಜನ: ಮಾವ, ನಾನು, ಬೆಟ್ಟಸ್ವಾಮಿ, ಮತ್ತು ಟೆಂಪೊ ಓಡಿಸಲು ಒಪ್ಪಿದ್ದ ರಾಚಯ್ಯ. ರಾಚಯ್ಯ ಮಾವನ ಡಿಪೋದಲ್ಲೇ ಡ್ರೈವರ್ ಆಗಿದ್ದು ರಿಟೈರ್ ಆದವರು. ಮಾವ ಎಣಿಸುವುದು, ಒಂದು ಎಣಿಕೆಗೆ ಎಲ್ಲರೂ ಅರ್ಧ ಸುತ್ತು ತಿರುಗಿಸುವುದು, ನಿಲ್ಲುವುದು, ನೋಡುವುದು. ಮನೆ ಗೇಣುದ್ದ ಎದ್ದಿತು. ಮೊಳದುದ್ದ ಎದ್ದಿತು. ಅಕ್ಕಪಕ್ಕದ ಮನೆಯವರು ಕಾಂಪೌಂಡ್ ಮೇಲೆ ಸಾಲಾಗಿ ಕೂತಿದ್ದರು. ಅತ್ತೆ ಜಗುಲಿಯ ಮೇಲೆ ಮಗ್ಗುಲಾಗಿ ಮಲಗಿ, ತಲೆ ಎತ್ತಿ ನೋಡುತ್ತಿದ್ದರು. ನನ್ನ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯಿಂದಲ್ಲ, ಹೆಮ್ಮೆಯಿಂದ!

ಅಷ್ಟರಲ್ಲಿ ಬೆಟ್ಟಸ್ವಾಮಿ ವಾಚು ನೋಡಿಕೊಂಡರು. "ಗೋವಿಂದಯ್ಯ, ನಾಲ್ಕೂಕಾಲು ಆಯ್ತು ಕಣಯ್ಯ. ನಾಲ್ಕೂವರೆಗೆ ರಾಹುಕಾಲ."

"ರಾಹು ಬಂದ್ರೆ ಅವ್ನಿಗೂ ಒಂದು ಹಿಡಿ ಕೊಡವ. ನೀವು ಎಣಿಕೆಗೆ ತಿರುಗ್ಸಿ ಬೆಟ್ಟಸ್ವಾಮಿಯೋರೆ."

"ನಿಂಗೆ ತಮಾಷೆ. ರಾಹುಕಾಲ್ದಲ್ಲಿ ನನ್ ಗಾಡಿ ಮೇಲೆ ಏನೂ ಏರಕೂಡದು, ಬಾಳೆಗೊನೆ ಕೂಡ ಏರ್ಸಲ್ಲ ನಾನು!"

ಹಾಗೆಂದವರೇ ಎಣಿಕೆಗೆ ಕಾಯದೆ ತಮ್ಮ ಹಿಡಿಯನ್ನು ಗರಗರ ತಿರುಗಿಸತೊಡಗಿದರು. ಅವರ ಮೂಲೆ ನಾಲ್ಕು ಬೆರಳು ಮೇಲೆ ಹೋಯಿತು. ಮಾವ "ನಿಲ್ಸಿ!" ಎಂದು ಕೂಗುವುದಕ್ಕೂ ಅಲ್ಲಿಂದ ಡಬ್ಬದ ಮುಚ್ಚಳ ಕಿತ್ತ ಹಾಗೆ ಸದ್ದಾಗುವುದಕ್ಕೂ ಸರಿಹೋಯಿತು. ಬೆಟ್ಟಸ್ವಾಮಿ ತಮ್ಮ ವಯಸ್ಸಿನಲ್ಲಿ ಯಾರೂ ಹಾರದಷ್ಟು ದೂರ ಹಾರಿದರು. ಅವರ ಒಂದು ಚಪ್ಪಲಿ ಹಾರಲಿಲ್ಲ. ಮನೆಯ ಮೂಲೆ ಬಂದು ಅದರ ಮೇಲೆ ಕೂತಿತು.

ಯಾರಿಗೂ ಏಟಾಗಲಿಲ್ಲ. ಮೊದಲು ಬಾಯಿ ಬಿಟ್ಟವಳು ಸಂಘಮಿತ್ರಾ ಅತ್ತಿಗೆ. ಮಾವನ ಒಬ್ಬಳೇ ಮಗಳು, ಮೈಸೂರಿನಲ್ಲಿ ನರ್ಸು, ರಜೆಗೆಂದು ಬಂದಿದ್ದಳು.

"ಅಪ್ಪಾ, ಇದ್ರೊಳಗೆ ಅವ್ವನ್ನ ಮಲಗ್ಸಿ ಸಾವಿರ ಕಿಲೋಮೀಟ್ರು ಕರ್ಕೊಂಡೋಗ್ತೀಯಾ? ನಾನು ಬುಡಾಕಿಲ್ಲ."

ಅತ್ತೆ ನಿಧಾನವಾಗಿ ಎದ್ದು ಒಳಗೆ ಹೋದರು. ನಾನು ನೀರು ಕುಡಿಯಲು ಹೋದಾಗ ಅವರು ಟ್ರಂಕು ತೆರೆದುಕೊಂಡು, ನಾಗಪುರಕ್ಕೆಂದು ಮಡಿಸಿಟ್ಟಿದ್ದ ಬಿಳಿ ಸೀರೆಗಳನ್ನು ಒಂದೊಂದಾಗಿ ತೆಗೆದು ಬೀರುವಿಗೆ ಇಡುತ್ತಿದ್ದರು.

"ಅತ್ತೆ, ಇನ್ನೂ ಹತ್ತು ದಿನ ಇದೆ" ಎಂದೆ.

"ಬುಡು ಮಗ. ಓಗೋರು ಯಾರಾರ ಇದ್ರೆ ಒಂದ್ ಇಡಿ ಮಣ್ಣು ತಂದ್ಕೊಡು ಅಂತ ಏಳ್ತೀನಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಎರಡು ದಿನ ನಾನು ತಿ.ನರಸೀಪುರದಿಂದ ನಂಜನಗೂಡಿನವರೆಗೆ ಸಿಕ್ಕವರಿಗೆಲ್ಲ ಬೆಟ್ಟಸ್ವಾಮಿ ಮತ್ತು ರಾಹುಕಾಲದ ಕತೆ ಹೇಳಿದೆ. ಚಪ್ಪಲಿಯ ಭಾಗವನ್ನು ಅಭಿನಯಿಸಿಯೂ ತೋರಿಸಿದೆ. ಕತೆಯಲ್ಲಿ ನನ್ನ ವೆಲ್ಡಿಂಗ್ ಒಂದು ಸಲವೂ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಮಾವನ ಮುಂದೆಯೂ ಶುರುಮಾಡಿದೆ. ಆ ವಾರ ನನಗೆ ಸೆಕೆಂಡ್ ಶಿಫ್ಟು, ಬೆಳಿಗ್ಗೆಗಳು ಖಾಲಿ.

"ನೋಡಿ ಮಾವ, ಪ್ಲೇಟ್ ಕಿತ್ತುಬಂದಿದೆ, ನನ್ನ ವೆಲ್ಡು ಕೂದಲಷ್ಟೂ ಬಿರುಕು ಬಿಟ್ಟಿಲ್ಲ!"

ಮಾವ ಪ್ಲೇಟನ್ನು ತಿರುವಿ ಹಿಡಿದರು. ನಿಜ, ವೆಲ್ಡು ಹಾಗೇ ಇತ್ತು. ಅದಕ್ಕೆ ಅಂಟಿಕೊಂಡು ಚೌಕಟ್ಟಿನ ಪೈಪಿನ ಒಂದು ಮೈ ಪೂರ್ತಿ ಸುಲಿದು ಬಂದಿತ್ತು.

"ಬೀಗ ಭದ್ರವಾಗೇ ಅದೆ, ಬಾಗ್ಲೇ ಕಿತ್ಕೊಂಡ್ ಬಂದದೆ. ಅಂಗಾಯ್ತು ಕಣ್ಲಾ ನಿನ್ ಕೆಲ್ಸ. ಪ್ಲೇಟು ನನ್ ಎಬ್ಬೆಟ್ಟಿನ ದಪ್ಪ, ಪೈಪು ಅಪ್ಪಳದ ದಪ್ಪ."

"ಆದ್ರೆ ಅವ್ರು ಹಂಗೆ ತಿರುಗಿಸದೆ ಹೋಗಿದ್ರೆ..."

ಮಾವ ಒಂದು ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬೀಳದೆ ಉಳಿದಿದ್ದ ಮೂರು ಮೂಲೆಗಳ ಪೈಪಿಗೂ ಬಳಿದರು. ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಒರೆಸಿದರು. ಸ್ಕೂಲಿನ ಸೀಮೆಸುಣ್ಣ ಪುಡಿ ಮಾಡಿ ಮೇಲೆ ಉದುರಿಸಿದರು. ಆಮೇಲೆ ಸಣ್ಣ ಸುತ್ತಿಗೆಯಿಂದ ಟಕಟಕ ತಟ್ಟಿದರು. ಡಿಪೋದಲ್ಲಿ ಬಸ್ಸಿನ ಚಾಸಿಯ ಬಿರುಕು ಹುಡುಕುವ ವಿಧಾನ ಅದು. ಬಿರುಕಿನೊಳಗೆ ಇಳಿದ ಎಣ್ಣೆ ಸುಣ್ಣದ ಬಿಳುಪಿಗೆ ತಾನೇ ಹೊರಗೆ ಬರುತ್ತದೆ.

ಬಂತು. ನನ್ನ ಮೂಲೆಯಲ್ಲಿ ಒಂದು ಕಪ್ಪು ಗೆರೆ. ರಾಚಯ್ಯನ ಮೂಲೆಯಲ್ಲಿ ಒಂದು. ಮಾವನ ಮೂಲೆಯಲ್ಲಿ ಎರಡು. ಯಾರೂ ಅವಸರ ಮಾಡದ ಮೂಲೆಗಳು ಅವು! ಆ ಮೂರೂ ಕೀಳುವುದರಲ್ಲಿದ್ದವು. ಬೆಟ್ಟಸ್ವಾಮಿಯವರು ಅವಸರ ಮಾಡದಿದ್ದರೆ ಬಹುಶಃ ಹೆದ್ದಾರಿಯಲ್ಲೋ ನಾಗಪುರದಲ್ಲೋ, ಅತ್ತೆ ಒಳಗೆ ಮಲಗಿದ್ದಾಗ ಕೀಳುತ್ತಿದ್ದವು.

"ಮಾವ, ತಪ್ಪು ನಂದೇ."

"ನಂದೂ ಅದೆ. ಒಳಗ್ಲಿಂದ ಒತ್ತು ಬೇಕಾ ಅಂತ ಕೇಳಿ, ನಿನ್ ಮಾತು ಕೇಳ್ಕಂಡು ಸುಮ್ಕಾದೆ. ಈಗ ಅಳ್ತಾ ಕುಂತ್ಕಬ್ಯಾಡ. ಗ್ಯಾಸ್ ಕಟರ್ ತತ್ತಾ."

ಹಾಗೆ ಶುರುವಾಯಿತು ನನ್ನ ಬಾಳಿನ ಅತ್ಯಂತ ಖುಷಿಯ ವಾರ. ನಾಲ್ಕೂ ಮೂಲೆಯ ತಗಡು ಬಿಡಿಸಿದೆವು. ಚಿಕ್ಕ ಬಿರುಕುಗಳ ತುದಿಗೆ ಮಾವ ಡ್ರಿಲ್ಲಿನಿಂದ ಒಂದೊಂದು ದುಂಡು ತೂತು ಕೊರೆದರು. ತೂತು ಸಿಕ್ಕಿದರೆ ಬಿರುಕು ಮುಂದೆ ಓಡುವುದಿಲ್ಲವಂತೆ. ಅದನ್ನು ನನಗೆ ಐಟಿಐಯಲ್ಲಿ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ ದಿನ ನಾನು ಹೋಗಿರಲಿಲ್ಲ. ಬಿರುಕನ್ನು ವೆಲ್ಡಿನಲ್ಲಿ ತುಂಬಿದ ಮೇಲೆ, ಪ್ರತಿ ಮೂಲೆಗೂ ನೆಲದಿಂದ ಚಾವಣಿವರೆಗೆ ಮೂರಂಗುಲದ ಕಬ್ಬಿಣದ ಚಾನಲ್, ಅಂದರೆ ದೋಣಿಯಂತೆ ಮಡಿಚಿದ ಗಟ್ಟಿ ಪಟ್ಟಿ, ನಿಲ್ಲಿಸಿದೆವು. ಎಡಗಾಲಿಗೂ ಬಲಗಾಲಿಗೂ ಸೇರಿಸಿ, ನೆಲದ ಹಲಗೆಯ ಅಡಿಯಲ್ಲಿ ಅಡ್ಡಲಾಗಿ ಇನ್ನೊಂದು ಚಾನಲ್. ಸೇರುವ ಕಡೆಗಳಲ್ಲಿ ತ್ರಿಕೋನದ ತುಂಡು ಪ್ಲೇಟುಗಳು. ಜಾಕಿನ ಪ್ಲೇಟನ್ನು ಈ ಸಲ ವೆಲ್ಡ್ ಮಾಡಲಿಲ್ಲ. ಹೊರಗೊಂದು ಪ್ಲೇಟು, ಒಳಗೊಂದು ಪ್ಲೇಟು, ನಡುವೆ ಚಾನಲ್ಲು, ಮೂರನ್ನೂ ತೂರಿ ಹೋಗುವ ಆರಾರು ಬೋಲ್ಟು, ಅದಕ್ಕೆ ಬಿಚ್ಚಿಕೊಳ್ಳದ ಲಾಕ್ ನಟ್ಟು.

"ಭಾರ ಅನ್ನೋದು ಕಾಲ್ವೆ ನೀರಿದ್ದಂಗೆ ಕಣ್ಲಾ. ಮುಂದಕ್ಕೋಗಾಕೆ ದಾರಿ ಕೊಡ್ಬೇಕು. ಒಂದೇ ಕಡೆ ನಿಲ್ಸುದ್ರೆ ಏರಿ ಒಡೀತದೆ."

ನಾನು ಉದ್ದಕ್ಕೆ ಚೆಂದವಾಗಿ ವೆಲ್ಡ್ ಎಳೆಯಲು ಹೋದರೆ ಮಾವ ಕೈ ಹಿಡಿಯುತ್ತಿದ್ದರು. "ಇಲ್ಲೊಂದ್ ಅಂಗ್ಲ, ಆ ಕಡೆ ಒಂದಂಗ್ಲ, ಆಮ್ಯಾಕೆ ಇಲ್ಲಿ. ಒಂದೇ ಕಡೆ ಕಾಯ್ಸುದ್ರೆ ಸೊಟ್ಟಗಾಯ್ತದೆ." ಹಾಗೆ ಹಾರಿ ಹಾರಿ ಹಾಕಿದ ವೆಲ್ಡು ನೋಡಲು ಕೋಳಿ ಕೆದಕಿದ ಹಾಗಿತ್ತು. ಜಗ್ಗಿದರೆ ಮಾತ್ರ ನಾನೇ ಜಗ್ಗುತ್ತಿದ್ದೆ, ಅದು ಜಗ್ಗುತ್ತಿರಲಿಲ್ಲ. ನಾನು ಕಿಡಿ ಹಾರಿಸಿದಾಗಲೆಲ್ಲ ಪಕ್ಕದ ಮನೆಯ ಪುಟ್ಟಮಾದಮ್ಮನ ಟಿವಿಯ ಚಿತ್ರ ಕುಗ್ಗುತ್ತಿತ್ತು. "ಲೋ ಮಾದು, ನಾಗಪುರಕ್ ನೀ ಓಯ್ತೀಯೋ, ನನ್ ಟಿವಿ ಓಯ್ತದೋ, ಏಳ್ಬುಡು!" ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದರು. ಮಧ್ಯಾಹ್ನ ಒಂದಕ್ಕೆ ಬಸ್ಸು ಹಿಡಿದು ಕಾರ್ಖಾನೆಗೆ ಹೋಗಿ ಬಿಸ್ಕತ್ತಿನ ಟ್ರೇ ಮಾಡುವಾಗ, ಕಣ್ಣ ಮುಂದೆ ಚಾನಲ್ಲೇ ಕಾಣುತ್ತಿತ್ತು. ಸೂಪರ್‌ವೈಸರ್ ನನ್ನ ಒಂದು ಟ್ರೇ ಎತ್ತಿ ನೋಡಿ, "ಇದರ ಮೇಲೆ ಆನೆ ನಿಲ್ಲಿಸ್ತೀಯಾ?" ಎಂದರು.

ಶನಿವಾರ ಅತ್ತಿಗೆ ಮತ್ತೆ ಬಂದಳು. ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಮೊದ್ಲು ಅವ್ವನ ಮೂರರಷ್ಟು ಭಾರ ಹೇರಿ ಎತ್ತಿ ತೋರ್ಸಿ. ಆಮೇಲೆ ಮಾತು" ಎಂದಳು.

"ನಾಳಿಕ್ಕೆ ಎತ್ತವ. ಭತ್ತದ ಮೂಟೆ ಮೂರು, ಜತೇಲಿ ಇವ್ನು" ಎಂದು ಮಾವ ನನ್ನ ಕಡೆ ಗದ್ದ ಎತ್ತಿದರು. "ನಮ್ ಡಿಪೋದಲ್ಲಿ ಬ್ರೇಕ್ ಕಟ್ಟಿದೋನೇ ಟ್ರಯಲ್ ಗಾಡೀಲಿ ಕುಂತ್ಕಬೇಕಿತ್ತು."

"ಓ, ಸರಿ" ಎಂದೆ. ದನಿ ನನ್ನದಲ್ಲ, ಬೇರೆ ಯಾರದೋ ಬಂದಂತಿತ್ತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಸೇರಿದೆವು. ಬೆಟ್ಟಸ್ವಾಮಿ ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಅವರನ್ನು ಕಂಡೊಡನೆ ಹೋಗಿ, "ಸ್ವಾಮಿ, ಅವತ್ತಿನದು ನಿಮ್ಮ ತಪ್ಪಲ್ಲ, ನಂದು" ಎಂದೆ.

"ಗೊತ್ತು ಬುಡಪ್ಪ. ನನ್ ಚಪ್ಲಿ ಕತೆ ಛತ್ರದವರ್ಗೂ ಬಂದದೆ. ಈಗ ಇದನ್ನೂ ಅಲ್ಲೀಗಂಟ ಮುಟ್ಸು" ಎಂದರು.

ನನ್ನ ಹಿಡಿಗೆ ಅತ್ತಿಗೆ ನಿಂತಳು. ನಾನು ಏಣಿ ಹತ್ತಿ ಮೂಟೆಗಳ ನಡುವೆ ಕೂತೆ. ಮಾವ ಒಂದು ಊಟದ ತಟ್ಟೆಯಲ್ಲಿ ನೀರು ತುಂಬಿ ನನ್ನ ಮುಂದಿಟ್ಟರು. "ನೀರು ಯಾವ್ ಕಡೆ ವಾಲ್ತದೋ ಕೂಗು."

ಎಣಿಕೆ ಶುರುವಾಯಿತು. ನೆಲ ಮೆಲ್ಲಗೆ ನನ್ನನ್ನು ಎತ್ತತೊಡಗಿತು. 'ಮಹಿಳೆಯರಿಗೆ' ಕಿಟಕಿಯಲ್ಲಿ ಮೊದಲು ಕಾಂಪೌಂಡ್ ಗೋಡೆ ಕಾಣುತ್ತಿತ್ತು, ಆಮೇಲೆ ಅದರ ಮೇಲೆ ಕೂತವರ ಮಂಡಿ, ಆಮೇಲೆ ಮುಖ.

"ನೀರು?"

"ಅತ್ತಿಗೆ ಕಡೆ ಒಂಚೂರು!"

"ಸಂಘಮಿತ್ರಾ, ಕಾಲು ಸುತ್ತು. ಸಾಕು. ಈಗ?"

"ಸಮ!"

ಹೋದ ಸಲ ಕಿತ್ತ ಎತ್ತರ ಬಂತು. ಎಲ್ಲೋ ಒಂದು ಕಡೆ 'ಕಟ್' ಎಂದಿತು. ನಾನು ಭತ್ತದ ಮೂಟೆಯನ್ನು ತಬ್ಬಿಕೊಂಡೆ. ಕೆಳಗಿಂದ ಮಾವನ ದನಿ: "ಎದ್ರಬ್ಯಾಡ, ಬೋಲ್ಟು ಕುಂತ್ಕತಾ ಅದೆ." ಮತ್ತೆ ಎಣಿಕೆ. ಎದ್ದಿತು, ಇನ್ನೂ ಎದ್ದಿತು, ಟೆಂಪೊದ ಬೆನ್ನಿಗಿಂತ ಎರಡು ಬೆರಳು ಮೇಲೆ ನನ್ನ ಕಾಲು! ಕಾಂಪೌಂಡ್ ಮೇಲಿದ್ದವರು ಶಿಳ್ಳೆ ಹೊಡೆದರು. ಪುಟ್ಟಮಾದಮ್ಮ ಟಿವಿಯ ಸಂಕಟ ಮರೆತು ಚಪ್ಪಾಳೆ ತಟ್ಟಿದರು.

ಮಾವ ನಾಲ್ಕು ಮೂಲೆಗೂ ಸುತ್ತಿ ಬಂದು ಮತ್ತೆ ಸೀಮೆಎಣ್ಣೆ, ಮತ್ತೆ ಸುಣ್ಣ. ಗೆರೆ ಬರಲಿಲ್ಲ. ರಾಚಯ್ಯ ಟೆಂಪೊ ಹತ್ತಲು ಹೋಗುತ್ತಿದ್ದಾಗ ಏಣಿ ಕಿರುಗುಟ್ಟಿತು. ಬಾಗಿಲಲ್ಲಿ ಮಂಚಮ್ಮತ್ತೆ.

"ಅವ್ವಾ! ಇನ್ನೂ ಗಾಡಿ ಮೇಲೆ ಇಳ್ಸಿಲ್ಲ, ಕೆಳಗಿಳಿ!" ಅತ್ತಿಗೆ ಕಿರುಚಿದಳು.

"ಮೂಟೆ ಭಾರ ನೋಡುದ್ರಲ್ಲ, ನನ್ ಭಾರಾನೂ ನೋಡ್ಕಳಿ" ಎನ್ನುತ್ತಾ ಅತ್ತೆ ಒಳಗೆ ಬಂದು ಹಲಗೆ ಮಂಚದ ಮೇಲೆ ಮಗ್ಗುಲಾದರು. ಸೊಂಟದ ಕೆಳಗೆ ಕೈ ಹಾಕಿ ತಡವಿ ನೋಡಿಕೊಂಡರು. ಮಾವ ಏಣಿಯ ಬುಡದಲ್ಲಿ ನಿಂತು ಮಗಳ ಮುಖ ನೋಡುತ್ತಿದ್ದರು. ಅತ್ತಿಗೆ ಬಾಗಿಲ ಬಳಿಗೆ ಬಂದು ತಟ್ಟೆಯ ನೀರನ್ನು ನೋಡಿದಳು. ಅದು ಅಲ್ಲಾಡಿರಲಿಲ್ಲ.

"ಬೆನ್ನು ಎಂಗದೆ ಅವ್ವ?"

"ಮನೇಲಿದ್ದಂಗದೆ."

"ಊದು ರಾಚಣ್ಣ, ಗಾಡಿ ತಕ್ಕೊಂಡ್ ಬಾ" ಎಂದಳು ಅತ್ತಿಗೆ, ತಂದೆಯನ್ನು ಕೇಳದೆ. ರಾಚಯ್ಯ ಹಾರನ್ ಊದಿ ಟೆಂಪೊವನ್ನು ಹಿಂದಕ್ಕೆ ತಂದು ಕೆಳಗೆ ತೂರಿಸಿದರು.

ಕಾರ್ಖಾನೆಯಲ್ಲಿ ರಜೆ ಕೇಳುವಾಗ ನಿಜವನ್ನೇ ಹೇಳಿದೆ: ಒಂದು ಮನೆಯಲ್ಲಿ ಕೂತು ನಾಗಪುರಕ್ಕೆ ಹೋಗುತ್ತಿದ್ದೇನೆ. ಸೂಪರ್‌ವೈಸರ್ ನಗುತ್ತಾ ನಗುತ್ತಾ ಸಹಿ ಹಾಕಿದರು. ಬುಧವಾರ ಬೆಳಿಗ್ಗೆ ಹೊರಟೆವು. ಮುಂದೆ ರಾಚಯ್ಯ, ಮಾವ, ಬೆಟ್ಟಸ್ವಾಮಿ. ಹಿಂದೆ ಅತ್ತೆ, ಅತ್ತಿಗೆ, ಸ್ಪ್ಯಾನರ್ ಹಿಡಿದ ನಾನು. ಎಲ್ಲಿ ನಿಂತರೂ ಇಳಿದು ಇಪ್ಪತ್ತನಾಲ್ಕು ಬೋಲ್ಟನ್ನೂ ತಿರುವಿ ನೋಡುತ್ತಿದ್ದೆ. ಸಿರಾ ದಾಟುವವರೆಗೆ ಮಾವ ಸಹಿಸಿಕೊಂಡರು. ಚಿತ್ರದುರ್ಗದಲ್ಲಿ, "ಅದುನ್ನ ಬುಟ್ಟು ಒಸಿ ಟೀ ಕುಡೀಲಾ, ನಟ್ಟೇ ಸವ್ದೋಯ್ತದೆ" ಎಂದರು. ಒಂದೂ ಸಡಿಲವಾಗಿರಲಿಲ್ಲ.

ಅಕ್ಟೋಬರ್ ಒಂದರ ಮಧ್ಯಾಹ್ನ, ವಿಜಯದಶಮಿಗೆ ಒಂದು ದಿನ ಮೊದಲು, ನಾಗಪುರ. ದೀಕ್ಷಾಭೂಮಿಯ ಹತ್ತಿರ ಸಿಕ್ಕ ಬಯಲಲ್ಲಿ ಕಾಲು ಊರಿ, ಎಣಿಕೆಗೆ ಸರಿಯಾಗಿ ಮನೆ ಎತ್ತಿ, ಟೆಂಪೊವನ್ನು ಹೊರಗೆ ಬಿಟ್ಟು, ಮನೆಯನ್ನು ಮೊಳಕಾಲೆತ್ತರಕ್ಕೆ ಇಳಿಸಿದೆವು. ಬೆಟ್ಟಸ್ವಾಮಿ ಕಿತ್ತಳೆಯ ದಾರಿ ಹಿಡಿದರು. ಅತ್ತೆ ಬಾಗಿಲು ತೆಗೆದರು. ಬಯಲಿನ ಆ ತುದಿಯಿಂದ ಈ ತುದಿಯವರೆಗೆ ಜನ, ಬಿಳಿ ಬಟ್ಟೆ, ನೀಲಿ ಬಾವುಟ, ಎತ್ತ ನೋಡಿದರೂ ಕೊನೆ ಕಾಣದಷ್ಟು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ತುಂಬ ಹೊತ್ತು ನಿಂತರು. ಬೆನ್ನಿನ ಆ ಅರ್ಧ ಗಂಟೆಯ ಲೆಕ್ಕವನ್ನು ಯಾರೂ ಇಡಲಿಲ್ಲ.

"ಇಷ್ಟೂ ಜನಾನೂ ನಮ್ಮೋರೇನ್ಲಾ ಮಾದು?"

"ಹೂಂ ಅತ್ತೆ."

ಮಾವ ಕೈ ಚಾಚಿದರು. ಅತ್ತೆ ಇಳಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ನಮಗಾಗಿ ಕಾಯದೆ ಜನರೊಳಗೆ ನಡೆದರು.